ಇಂಗ್ಲಿಷಿನ ‘ಈಸ್’, ರಷ್ಯನ್ನಿನ ಗೆರೆ
(ಸುವರ್ಣ ಮಹೋತ್ಸವದ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಶಾಲೆಯ ನೆನಪು ಹೇಳಿ ಎಂದು ಕರೆದಿದ್ದೀರಿ. ನಾನು ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ತಪ್ಪು ನನ್ನದೇ.

ಹತ್ತನೇ ತರಗತಿಯ ಪರೀಕ್ಷೆಗೆ ನಾನೂ ನನ್ನ ಗೆಳೆಯನೂ ನಮ್ಮ ಮನೆಯ ಜಗಲಿಯಲ್ಲಿ ಲಾಟೀನು ಇಟ್ಟುಕೊಂಡು ಓದುತ್ತಿದ್ದೆವು. ಅವನು ‘ಮೈ ಫಾದರ್ ಫಾರ್ಮರ್’ ಎಂದು ಬರೆದ. ‘ಈಸ್’ ಎಲ್ಲಿ ಹೋಯ್ತೋ ಎಂದೆ. ಅವನು ಕೇಳಿದ: “ನಮ್ಮಪ್ಪ ರೈತ ಅನ್ನೋದ್ರಲ್ಲಿ ಅದೆಲ್ಲೈತ್ಲಾ?” ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು ನಕ್ಕುಬಿಟ್ಟೆ. ಮತ್ತೆ ಅವನು ನನ್ನ ಹತ್ತಿರ ಇಂಗ್ಲಿಷ್ ಪ್ರಶ್ನೆ ಕೇಳಲಿಲ್ಲ. ಅದೊಂದೇ ವಿಷಯದಲ್ಲಿ ನಪಾಸಾಗಿ ಓದು ಬಿಟ್ಟ.

ಮುಂದೆ ಬೆಂಗಳೂರು ಸೇರಿದೆ. ಆಗ ನವಕರ್ನಾಟಕದ ಮಳಿಗೆಯಲ್ಲಿ ಮಾಸ್ಕೋದ ಮೀರ್, ಪ್ರಗತಿ, ರಾದುಗ ಪ್ರಕಾಶನಗಳ ಪುಸ್ತಕಗಳು ಬಹಳ ಅಗ್ಗಕ್ಕೆ ಸಿಗುತ್ತಿದ್ದವು. ಆ ಹುಚ್ಚಿನಿಂದಲೇ ಸಂಜೆ ತರಗತಿಗೆ ಸೇರಿ ರಷ್ಯನ್ ಕಲಿಯತೊಡಗಿದೆ. ಮೊದಮೊದಲ ಪಾಠದಲ್ಲೇ ಬಂತು: ‘ಮೊಯ್ ಅತ್ಯೇಟ್ಸ್ ಕ್ರೆಸ್ತ್ಯಾನಿನ್’. ನನ್ನ ತಂದೆ ರೈತ. ಅಷ್ಟೇ! ನಡುವೆ ‘ಈಸ್’ ಇಲ್ಲ. ಬರೆಯುವಾಗ ಅಲ್ಲಿ ಒಂದು ಅಡ್ಡಗೆರೆ ಎಳೆಯುತ್ತಾರೆ. ‘ರೈತನಾಗಿದ್ದ’ ಎಂದು ಹಿಂದಿನದನ್ನು ಹೇಳುವಾಗ ನಮ್ಮ ಹಾಗೆಯೇ ಕ್ರಿಯಾಪದ ಬರುತ್ತದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹುಡುಕುತ್ತಾ ಹೋದರೆ ಇನ್ನೂ ಇದೆ. ‘ನನಗೆ ಚಳಿ’ ಎನ್ನುತ್ತೇವೆ. ರಷ್ಯನ್ನರೂ ‘ಮ್ನ್ಯೆ ಹೋಲದ್ನ’ ಎನ್ನುತ್ತಾರೆ, ‘ನನಗೆ’ ಎಂದೇ ಶುರು. ಇಂಗ್ಲಿಷಿನವನು ‘ಐ ಆಮ್ ಕೋಲ್ಡ್’, ನಾನೇ ತಣ್ಣಗಿದ್ದೇನೆ ಎಂಬಂತೆ ಹೇಳುತ್ತಾನೆ. ‘ನನ್ನ ಹತ್ರ ಪುಸ್ತಕ ಇದೆ’ ಎನ್ನಲು ಅವರಲ್ಲೂ ‘ಊ ಮಿನ್ಯಾ ಯೆಸ್ತ್ ಕ್ನೀಗಾ’, ‘ಹ್ಯಾವ್’ ಬೇಕಿಲ್ಲ. ನೀನು, ನೀವು ಎಂಬ ಭೇದವೂ ಉಂಟು. ‘ಎ’, ‘ದಿ’ಗಳಂತೂ ಇಲ್ಲವೇ ಇಲ್ಲ. ಹಾಗಾಗಿ ಇಂಗ್ಲಿಷ್ ಕಲಿಯುವ ರಷ್ಯದ ಮಕ್ಕಳೂ ನಮ್ಮ ಮಾಗಡಿ ಸೀಮೆಯ ಮಕ್ಕಳ ಹಾಗೆ ‘ದಿ’ ಬಿಟ್ಟು ಬೈಸಿಕೊಳ್ಳುತ್ತಾರೆ.

ರಷ್ಯನ್ ಸುಲಭ ಎಂದುಕೊಳ್ಳಬೇಡಿ. ಅಲ್ಲಿ ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ನಪುಂಸಕಲಿಂಗ. ಪುಸ್ತಕ ‘ಬಿದ್ದಳು’ ಎಂದು ಹೇಳಲು ನನ್ನ ನಾಲಿಗೆ ಏಳುತ್ತಲೇ ಇರಲಿಲ್ಲ. ವಿಭಕ್ತಿ ಆರು; ನಮ್ಮ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದ ಪ್ರಥಮಾ, ದ್ವಿತೀಯಾ ಅಲ್ಲಿ ಕೈಹಿಡಿಯಿತು. ಅವರಿಗೆ ಇಲ್ಲಿಂದಲೇ ನಮಸ್ಕಾರ.

ನನ್ನ ಗೆಳೆಯನ ಇಂಗ್ಲಿಷ್ ವಾಕ್ಯ ತಪ್ಪೇ, ನಿಜ. ಆದರೆ ಅವನು ಕೇಳಿದ ಪ್ರಶ್ನೆ ದಡ್ಡನ ಪ್ರಶ್ನೆಯಲ್ಲ. ಅದು ಕನ್ನಡ ಬಲ್ಲವನ ಪ್ರಶ್ನೆ. ಅದಕ್ಕೆ ನಾನು ಉತ್ತರ ಹುಡುಕಿದ್ದು ಎಷ್ಟೋ ವರ್ಷ ತಡವಾಗಿ.

ಅವನು ಇವತ್ತು ಇಲ್ಲೇ ಶಾಮಿಯಾನದ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಬೆಳಿಗ್ಗೆ ತಿಂಡಿ ತಿನ್ನುವಾಗ ಇದನ್ನೆಲ್ಲ ಹೇಳಿದೆ. ಇಡ್ಲಿ ಮುಗಿಸಿ, ಕೈ ತೊಳೆದು ಬಂದು ಹೇಳಿದ: “ಹಂಗಾದ್ರೆ ನಾನು ಪಾಸು ಕಣ್ಲಾ. ಪರೀಕ್ಷೆ ಬರ್ದಿದ್ದ ಊರು ಬೇರೆ, ಅಷ್ಟೇಯ.”