ಹಳೆಯ ಗೇಮಿಂಗ್ ಕಂಪ್ಯೂಟರಿಗೆ ಯಾವ ಪ್ರೊಸೆಸರ್?

ಈ ಮಾಲಿಕೆಗೆ ಬರುವ ಪತ್ರಗಳಲ್ಲಿ ಒಂದೇ ಚಿಂತೆ ಮತ್ತೆ ಮತ್ತೆ ಕಾಣುತ್ತದೆ. ‘ಕಂಪ್ಯೂಟರ್ ಏಳೆಂಟು ವರ್ಷ ಹಳೆಯದು, ಹೊಸ ಗೇಮ್‌ಗಳು ತಡವರಿಸುತ್ತವೆ. ಕಡಿಮೆ ಖರ್ಚಿನಲ್ಲಿ ಯಾವ ಪ್ರೊಸೆಸರ್ ಹಾಕಿಸಲಿ?’ ಉತ್ತರಕ್ಕೆ ಮೊದಲು ನನ್ನದೊಂದು ಪ್ರಶ್ನೆ: ತಪ್ಪು ಪ್ರೊಸೆಸರಿನದೇ ಅಂತ ಖಚಿತ ಮಾಡಿಕೊಂಡಿದ್ದೀರಾ?

ಟಾಸ್ಕ್ ಮ್ಯಾನೇಜರಿನಲ್ಲಿ ಬಳಕೆ ಶೇಕಡ 50 ಎಂದು ಕಂಡರೆ ‘ಇನ್ನೂ ಅರ್ಧ ಶಕ್ತಿ ಉಳಿದಿದೆ’ ಎನ್ನುವವರೇ ಹೆಚ್ಚು. ಆ ಅಂಕಿಯನ್ನು ನಂಬಬೇಡಿ, ಅದು ಸರಾಸರಿ. ಎಂಟು ಥ್ರೆಡ್‌ಗಳಲ್ಲಿ ಒಂದೇ ಒಂದು ಪೂರ್ತಿ ದುಡಿಯುತ್ತಿದ್ದರೂ ತೋರುವುದು ಶೇಕಡ 12.5 ಮಾತ್ರ. ಗೇಮ್ ಕಾಯುತ್ತಿರುವುದು ಆ ಒಂದಕ್ಕೇ.

ಸರಿಯಾದ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ವಿ-ಸಿಂಕ್ ಆಫ್ ಮಾಡಿ, ಫ್ರೇಮ್ ಮಿತಿ ತೆಗೆಯಿರಿ. ಗೇಮ್ ತಡವರಿಸುವ ಜಾಗದಲ್ಲೇ ನಿಂತು ಎಷ್ಟು ಫ್ರೇಮ್ ಬರುತ್ತದೆ ನೋಡಿ. ಬೇರೇನನ್ನೂ ಮುಟ್ಟದೆ ರೆಸಲ್ಯೂಷನ್ನನ್ನು 1080ರಿಂದ 720ಕ್ಕೆ ಇಳಿಸಿ. ಫ್ರೇಮ್ ಚೆನ್ನಾಗಿ ಏರಿತೋ, ಅಡ್ಡಿ ಗ್ರಾಫಿಕ್ಸ್ ಕಾರ್ಡಿನದು. ಅಲ್ಲೇ ನಿಂತಿತೋ, ಅಡ್ಡಿ ಪ್ರೊಸೆಸರಿನ ಕಡೆಯದು.

ಯಾಕೆ ಹೀಗೆ? ಪರದೆಯ ಮೇಲೆ ಯಾರೆಲ್ಲಿದ್ದಾರೆ, ಯಾವುದು ಯಾವುದಕ್ಕೆ ತಾಗಿತು ಎಂದು ಲೆಕ್ಕ ಹಾಕಿ ‘ಇದನ್ನು ಬಿಡಿಸು’ ಎನ್ನುವುದು ಪ್ರೊಸೆಸರ್. ಬಿಡಿಸುವುದು ಕಾರ್ಡು. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದಕ್ಕೆ ಇಬ್ಬರಿಗೂ ಸಿಗುವುದು 16.7 ಮಿಲಿಸೆಕೆಂಡು. ಚಿತ್ರ ಚಿಕ್ಕದಾದರೆ ಬಿಡಿಸುವವನಿಗೆ ಕೆಲಸ ಕಡಿಮೆ, ಲೆಕ್ಕ ಹಾಕುವವನಿಗೆ ಅಷ್ಟೇ ಕೆಲಸ. ಇನ್ನೊಮ್ಮೆ ಹೇಳುತ್ತೇನೆ: ರೆಸಲ್ಯೂಷನ್ ಇಳಿಸಿದರೆ ಪ್ರೊಸೆಸರಿನ ಹೊರೆ ಇಳಿಯುವುದಿಲ್ಲ. ಈ ಪರೀಕ್ಷೆ ಮಾಡದೆ ದುಡ್ಡು ಬಿಚ್ಚಬೇಡಿ. ಹಾಗೆಯೇ, ಒಂದೇ ರ‍್ಯಾಮ್ ಕಡ್ಡಿ ಹಾಕಿದ್ದರೆ ಮೊದಲು ಅದರ ಜೊತೆಗೆ ಇನ್ನೊಂದನ್ನು ಹಾಕಿ ನೋಡಿ.

ಅಡ್ಡಿ ಪ್ರೊಸೆಸರಿನದೇ ಎಂದಾದರೆ, ಯಾವುದನ್ನು ಕೊಳ್ಳಬಹುದೆಂದು ಹೇಳುವುದು ಮದರ್‌ಬೋರ್ಡು. ನನ್ನ ಅಕ್ಕನ ಮಗನ ಬಳಿ ಐ5-7400 ಇತ್ತು. ‘ಸಾಕೆಟ್ 1151, ಐ7-8700 ಕೂಡ 1151, ಕೂರುತ್ತದೆ’ ಎಂದು ಅಂಗಡಿಯೊಂದರಲ್ಲಿ ಧೈರ್ಯ ಹೇಳಿ ಕಳಿಸಿದ್ದರು. ಸಾಕೆಟ್ಟಿನ ಹೆಸರು ಒಂದೇ ನಿಜ, ಆದರೆ 2017ರಲ್ಲಿ ಎಂಟನೇ ಪೀಳಿಗೆ ಬಂದಾಗ ಇಂಟೆಲ್ ವಿದ್ಯುತ್ ಜೋಡಣೆಯನ್ನೇ ಬದಲಿಸಿತು. ಹಳೆಯ ಬೋರ್ಡಿನಲ್ಲಿ ಅದು ನಡೆಯದು. ಅಂಥ ಬೋರ್ಡಿಗೆ ಕೊನೆಯ ಮೆಟ್ಟಿಲು ಐ7-7700. ನಾಲ್ಕೇ ಕೋರ್, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೂ ಇಲ್ಲ. ತೀರಾ ಅಗ್ಗಕ್ಕೆ ಸಿಗದಿದ್ದರೆ ಬೇಡ, ಆ ದುಡ್ಡನ್ನು ಹೊಸ ಬೋರ್ಡಿಗೆ ಕೂಡಿಡಿ.

ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡು ಇದ್ದವರು ಅದೃಷ್ಟವಂತರು. 2017ರ ಬಿ350 ಬೋರ್ಡುಗಳಲ್ಲೂ ಅನೇಕವು, ಬಯಾಸ್ ಅಪ್‌ಡೇಟ್ ಆದರೆ, 2022ರ ರೈಜನ್ 5 5600 ಅನ್ನು ಒಪ್ಪುತ್ತವೆ. ನನ್ನ ಆಯ್ಕೆ ಅದೇ. ಆರು ಕೋರ್, 65 ವ್ಯಾಟ್. 5500 ಕೂಡ ಆರು ಕೋರಿನದೇ, ಆದರೆ ಅದರ ಎಲ್3 ಕ್ಯಾಶೆ 16 ಎಂಬಿ, 5600ರದು 32. ಗೇಮ್‌ಗಳಿಗೆ ಈ ವ್ಯತ್ಯಾಸ ತಟ್ಟುತ್ತದೆ. ಬರೀ ಗಿಗಾಹರ್ಟ್ಸ್ ನೋಡಿ ಕೊಳ್ಳುವವರಿಗೆ ಇದು ಕಾಣುವುದೇ ಇಲ್ಲ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ತಿರುಗಿಸಿ ಪಿನ್ನುಗಳನ್ನು ಬೆಳಕಿಗೆ ಹಿಡಿದು ನೋಡಿ. ಎಎಂ4ರಲ್ಲಿ ಪಿನ್ನುಗಳು ಇರುವುದು ಪ್ರೊಸೆಸರಿನಲ್ಲೇ, ಸುಲಭವಾಗಿ ಬಾಗುತ್ತವೆ.

ಬೋರ್ಡು ತಯಾರಿಸಿದವರ ಜಾಲತಾಣದಲ್ಲಿ ಪ್ರೊಸೆಸರುಗಳ ಪಟ್ಟಿ ಇರುತ್ತದೆ, ಎದುರಿಗೆ ಬೇಕಾದ ಬಯಾಸ್ ಆವೃತ್ತಿಯೂ ಇರುತ್ತದೆ. ಹಳೆಯ ಪ್ರೊಸೆಸರ್ ಇನ್ನೂ ಬೋರ್ಡಿನಲ್ಲಿ ಇರುವಾಗಲೇ ಆ ಬಯಾಸ್ ಹಾಕಿ ಮುಗಿಸಿ. ನಡುವೆ ಕರೆಂಟು ಹೋದರೆ ಬೋರ್ಡೇ ಏಳದಿರಬಹುದು, ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.