ಕನಿಕರಕ್ಕೆ ಕಲಿಕೆಯ ಬೆಂಬಲ

ರೋಗ ವಾಸಿಯಾಗಬೇಕಾದರೆ ಚಿಕಿತ್ಸೆಯ ನಾಲ್ಕು ಪಾದಗಳೂ ಗಟ್ಟಿಯಾಗಿರಬೇಕೆಂದು ಚರಕಸಂಹಿತೆ ಹೇಳುತ್ತದೆ. ವೈದ್ಯ, ಔಷಧ, ಪರಿಚಾರಕ, ರೋಗಿ - ಇವೇ ಆ ನಾಲ್ಕು ಪಾದಗಳು. ಇವರಲ್ಲಿ ಪರಿಚಾರಕನಿಗೆ, ಎಂದರೆ ರೋಗಿಯ ಮಗ್ಗುಲಲ್ಲಿದ್ದು ಶುಶ್ರೂಷೆ ಮಾಡುವವನಿಗೆ, ಮತ್ತೆ ನಾಲ್ಕು ಗುಣಗಳನ್ನು ಆ ಗ್ರಂಥ ವಿಧಿಸುತ್ತದೆ: ಉಪಚಾರದ ತಿಳಿವಳಿಕೆ, ಕೆಲಸದಲ್ಲಿ ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಇಲ್ಲಿ ಅನುರಾಗವು ನಾಲ್ಕರಲ್ಲಿ ಒಂದು ಮಾತ್ರ ಎಂಬುದನ್ನು ನೀವು ಗಮನಿಸಬೇಕು.

ಹೆಂಗಸರ ಸೇವೆಯನ್ನು ಹೊಗಳುವಾಗ ನಾವು ಈ ಒಂದು ಗುಣವನ್ನೇ ಎತ್ತಿ ಆಡುತ್ತೇವೆ. ಕರುಣಾಮಯಿ, ತ್ಯಾಗಮೂರ್ತಿ, ಮಾತೃಸ್ವರೂಪಿಣಿ ಎಂದು ಬಿರುದು ಕೊಟ್ಟು ಕೈಮುಗಿದುಬಿಡುತ್ತೇವೆ. ಆಕೆ ಏನನ್ನು ಓದಿದಳು, ಅದಕ್ಕಾಗಿ ಯಾರೊಡನೆ ಸೆಣಸಿದಳು, ಯಾವ ಕೆಲಸವನ್ನು ಕೈವಶ ಮಾಡಿಕೊಂಡಳು ಎಂದು ಕೇಳುವವರು ಕಡಿಮೆ. ಹೀಗೆ ಅರ್ಧ ಮಾತ್ರ ನೆನಪಿನಲ್ಲಿ ಉಳಿದಿರುವ ಇಬ್ಬರು ಮಹಿಳೆಯರ ಬಾಳನ್ನು ನಿಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ಮೊದಲನೆಯವಳು ಫ್ಲಾರೆನ್ಸ್ ನೈಟಿಂಗೇಲ್. ಕೈಯಲ್ಲಿ ದೀಪ ಹಿಡಿದು, ನಡುರಾತ್ರಿ ಗಾಯಾಳುಗಳ ಸಾಲಿನಲ್ಲಿ ನಡೆಯುತ್ತಿರುವ ಆಕೆಯ ಚಿತ್ರವನ್ನು ಪಾಠಪುಸ್ತಕದಲ್ಲಿ ನೋಡದವರು ವಿರಳ. ಆಕೆ ಹುಟ್ಟಿದುದು ೧೮೨೦ರ ಮೇ ೧೨ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗುವಿನ ಹೆಸರಾಯಿತು. ಮನೆತನ ಇಂಗ್ಲೆಂಡಿನದು, ಸಿರಿವಂತರದು. ತಂದೆ ತಾನೇ ಗುರುವಾಗಿ ಮಗಳಿಗೆ ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ಹೇಳಿಕೊಟ್ಟ. ಮಗಳಿಗೆ ಗಣಿತದಲ್ಲಿ ಬಲು ಆಸಕ್ತಿ. ಆದರೆ ಶುಶ್ರೂಷೆಯನ್ನು ಕಲಿಯುತ್ತೇನೆಂದು ಆಕೆ ಹೇಳಿದಾಗ ಮನೆಯೇ ಎದುರು ನಿಂತಿತು. ಆ ಕಾಲದ ಇಂಗ್ಲೆಂಡಿನಲ್ಲಿ ಮರ್ಯಾದಸ್ಥರ ಹೆಣ್ಣುಮಕ್ಕಳು ಆಸ್ಪತ್ರೆಯ ಕೆಲಸಕ್ಕೆ ಹೋಗುವುದೆಂದರೆ ಕುಲಕ್ಕೆ ಕುಂದು. ವರ್ಷಗಟ್ಟಲೆ ಹಟ ಹಿಡಿದ ಮೇಲೆ, ೧೮೫೧ರಲ್ಲಿ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ, ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆಯಲು ಆಕೆಗೆ ಸಾಧ್ಯವಾಯಿತು.

ಕ್ರೈಮಿಯ ಯುದ್ಧ ನಡೆಯುತ್ತಿದ್ದಾಗ, ೧೮೫೪ರ ನವೆಂಬರ್ ೪ರಂದು, ೩೮ ಮಂದಿ ಹೆಂಗಸರ ತಂಡದೊಡನೆ ಆಕೆ ಸ್ಕುಟಾರಿಯ ಸೈನಿಕ ಆಸ್ಪತ್ರೆಯನ್ನು ತಲಪಿದಳು. ಇದು ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ಎದುರಾಗಿ, ಕಡಲಿನ ಆಚೆ ದಡದಲ್ಲಿದ್ದ ದೊಡ್ಡ ಸೈನಿಕ ವಸತಿ. ಕಟ್ಟಡದ ತಳದಲ್ಲಿ ಕೊಳೆತು ಕಟ್ಟಿಕೊಂಡ ಚರಂಡಿಗಳು. ಒಳಗೆ ಗಾಳಿಯಾಡದ ಕೋಣೆಗಳು. ಆಕೆ ಅಡಿಗೆಮನೆಯನ್ನು ಸರಿಪಡಿಸಿದಳು, ಬಟ್ಟೆ ಒಗೆಯುವ ಏರ್ಪಾಡು ಮಾಡಿದಳು, ರಾತ್ರಿಯೆಲ್ಲ ಸುತ್ತಿದಳು. ಇಷ್ಟಾದರೂ ಸಾವು ಏರುತ್ತಲೇ ಹೋಯಿತು. ಮರುವರ್ಷದ ಫೆಬ್ರವರಿಯಲ್ಲಿ ಅದು ನೂರಕ್ಕೆ ೪೨ರಷ್ಟಾಯಿತು. ದೀಪವಿತ್ತು, ಕರುಣೆಯಿತ್ತು, ಹಗಲಿರುಳಿನ ದುಡಿಮೆಯೂ ಇತ್ತು. ಸಾವು ಮಾತ್ರ ನಿಲ್ಲಲಿಲ್ಲ.

ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯ ಸಮಿತಿಯೊಂದು ಬಂದಿತು. ಚರಂಡಿಗಳನ್ನು ತೊಳೆಸಿತು, ಗಾಳಿಗೆ ದಾರಿ ಮಾಡಿಸಿತು, ಕುಡಿಯುವ ನೀರನ್ನು ಶುದ್ಧಪಡಿಸಿತು. ಜೂನ್ ವೇಳೆಗೆ ಸಾವು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು.

ಯುದ್ಧ ಮುಗಿದು ತಾಯ್ನಾಡಿಗೆ ಹಿಂದಿರುಗಿದಾಗ ಜನ ಆಕೆಯನ್ನು ದೇವತೆಯೆಂದು ಕೊಂಡಾಡಿದರು. ಆ ಹೊಗಳಿಕೆಯಲ್ಲಿ ಸುಖವಾಗಿ ಕೂರಬಹುದಾಗಿತ್ತು. ಆಕೆ ಮಾಡಿದುದೇ ಬೇರೆ. ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನ ನೆರವು ಪಡೆದು ಸೈನ್ಯದ ಸಾವಿನ ಲೆಕ್ಕಗಳನ್ನೆಲ್ಲ ಜಾಲಾಡಿದಳು. ಗುಂಡೇಟಿನಿಂದ ಸತ್ತವರಿಗಿಂತ, ತಪ್ಪಿಸಬಹುದಾಗಿದ್ದ ರೋಗಗಳಿಂದ ಸತ್ತವರೇ ಎಷ್ಟೋ ಮಿಗಿಲು ಎಂಬುದು ಆ ಲೆಕ್ಕದಿಂದ ಹೊರಬಿತ್ತು. ಅಂಕಿಗಳ ಪಟ್ಟಿಯನ್ನು ಓದಲು ಮಂತ್ರಿಗಳಿಗೆ ತಾಳ್ಮೆ ಸಾಲದು ಎಂದು ಆಕೆಗೆ ಗೊತ್ತು. ಆದುದರಿಂದ ವೃತ್ತವೊಂದನ್ನು ಹನ್ನೆರಡು ತಿಂಗಳಿಗೆ ಹನ್ನೆರಡು ಹೋಳಾಗಿ ಸೀಳಿ, ರೋಗದ ಸಾವಿಗೆ ನೀಲಿ, ಗಾಯದ ಸಾವಿಗೆ ಕೆಂಪು, ಉಳಿದವಕ್ಕೆ ಕಪ್ಪು ಬಣ್ಣ ಕೊಟ್ಟು ಚಿತ್ರ ರಚಿಸಿದಳು. ನೀಲಿಯ ಹಬ್ಬುಗೆಯನ್ನು ಕಂಡವರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ೧೮೫೮ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯನ್ನಾಗಿ ಆರಿಸಿತು. ೧೮೬೦ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ನಿಧಿಯಿಂದ ದಾದಿಯರ ಶಾಲೆ ತೆರೆಯಿತು. ಶುಶ್ರೂಷೆಯು ಕಲಿತು ಮಾಡಬೇಕಾದ ವೃತ್ತಿ ಎಂಬ ಭಾವನೆ ಬೇರೂರಿದುದು ಅಲ್ಲಿಂದ ಮುಂದೆ.

ನಮ್ಮ ದೇಶಕ್ಕೂ ಆಕೆಗೂ ನಂಟಿದೆ. ಭಾರತಕ್ಕೆ ಒಮ್ಮೆಯೂ ಬಂದವಳಲ್ಲ. ೧೮೫೭ರಿಂದ ಮುಂದೆ ಕಾಯಿಲೆಯ ದೆಸೆಯಿಂದ ಬಹುಕಾಲ ಹಾಸಿಗೆಯಲ್ಲಿಯೇ ಕಳೆದವಳು. ಆದರೂ ಇಲ್ಲಿನ ದಂಡುಪ್ರದೇಶಗಳಿಗೆ ಪ್ರಶ್ನಾವಳಿಗಳನ್ನು ಕಳುಹಿಸಿ, ಉತ್ತರಗಳನ್ನು ತರಿಸಿ, ಮಲಗಿದಲ್ಲಿಂದಲೇ ಲೆಕ್ಕ ಕಟ್ಟಿದಳು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ ೬೯ ಮಂದಿ ಸಾಯುತ್ತಿದ್ದರೆಂದೂ, ಕೆಟ್ಟ ನೀರು, ಕೆಟ್ಟ ಚರಂಡಿ, ಇಕ್ಕಟ್ಟಾದ ವಸತಿ ಇದಕ್ಕೆ ಕಾರಣವೆಂದೂ ೧೮೬೩ರ ವರದಿ ತಿಳಿಸಿತು. ಹತ್ತು ವರ್ಷಗಳ ಬಳಿಕ ಆ ಸಂಖ್ಯೆ ೧೮ಕ್ಕೆ ಇಳಿದಿದೆಯೆಂದು ಆಕೆಯೇ ಬರೆದಳು. ಸೈನಿಕನ ಆರೋಗ್ಯದಿಂದ ಹೊರಟ ಆಕೆಯ ಚಿಂತೆ ಮುಂದೆ ನಮ್ಮ ಹಳ್ಳಿಗಳ ನೈರ್ಮಲ್ಯ, ನೀರಾವರಿ, ಕ್ಷಾಮಗಳವರೆಗೆ ಹಬ್ಬಿತು. ೧೯೧೦ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು.

ಎರಡನೆಯವಳು ಮೇರಿ ಕ್ಯೂರಿ. ೧೮೬೭ರಲ್ಲಿ ವಾರ್ಸಾ ನಗರದಲ್ಲಿ, ರಷ್ಯದ ಆಳ್ವಿಕೆಯ ಪೋಲೆಂಡಿನಲ್ಲಿ, ಬಡ ಉಪಾಧ್ಯಾಯರ ಮಗಳಾಗಿ ಹುಟ್ಟಿದಳು. ಅಲ್ಲಿನ ವಿಶ್ವವಿದ್ಯಾನಿಲಯದ ಬಾಗಿಲು ಹೆಂಗಸರಿಗೆ ಮುಚ್ಚಿತ್ತು. ಅಕ್ಕತಂಗಿಯರಿಬ್ಬರೂ ಒಂದು ಒಪ್ಪಂದ ಮಾಡಿಕೊಂಡರು: ಅಕ್ಕ ಪ್ಯಾರಿಸ್ಸಿಗೆ ಹೋಗಿ ವೈದ್ಯಶಾಸ್ತ್ರ ಓದುವುದು, ತಂಗಿ ಸಿರಿವಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಹಣ ಕಳುಹಿಸುವುದು, ಆಮೇಲೆ ಅಕ್ಕ ತಂಗಿಗೆ ನೆರವಾಗುವುದು. ಇಬ್ಬರೂ ಮಾತು ಉಳಿಸಿಕೊಂಡರು. ೧೮೯೧ರಲ್ಲಿ ಪ್ಯಾರಿಸ್ ಸೇರಿದ ತಂಗಿ, ಎರಡೇ ವರ್ಷದಲ್ಲಿ ಭೌತವಿಜ್ಞಾನದ ಪರೀಕ್ಷೆಯಲ್ಲಿ ಮೊದಲನೆಯವಳಾದಳು.

ಪತಿ ಪಿಯರ್ ಕ್ಯೂರಿಯೊಡನೆ ೧೮೯೮ರಲ್ಲಿ ಪೊಲೋನಿಯಂ, ರೇಡಿಯಂ ಎಂಬ ಮೂಲವಸ್ತುಗಳನ್ನು ಆಕೆ ಕಂಡುಹಿಡಿದುದನ್ನೂ, ೧೯೦೩ರಲ್ಲಿ ಭೌತವಿಜ್ಞಾನಕ್ಕೆ, ೧೯೧೧ರಲ್ಲಿ ರಸಾಯನವಿಜ್ಞಾನಕ್ಕೆ ನೊಬೆಲ್ ಬಹುಮಾನ ಪಡೆದುದನ್ನೂ ಶಾಲೆಯ ಮಕ್ಕಳೂ ಬಲ್ಲರು. ಟನ್ನುಗಟ್ಟಲೆ ಅದುರಿನ ಕಸವನ್ನು ಕುದಿಸಿ, ಸೋಸಿ, ಕೊನೆಗೆ ದೊರೆತುದು ಒಂದು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ರೇಡಿಯಂ ಲವಣ. ಅದನ್ನು ಪಡೆಯುವ ವಿಧಾನಕ್ಕೆ ಆ ದಂಪತಿಗಳು ಪೇಟೆಂಟ್ ಪಡೆಯಲಿಲ್ಲ.

ಇಷ್ಟು ಪ್ರಸಿದ್ಧವಲ್ಲದ ಅಧ್ಯಾಯವೊಂದಿದೆ. ೧೯೧೪ರಲ್ಲಿ ಮಹಾಯುದ್ಧ ಮೊದಲಾದಾಗ, ಗುಂಡಿನ ಚೂರು ದೇಹದಲ್ಲಿ ಎಲ್ಲಿ ಹುದುಗಿದೆಯೆಂದು ಕಾಣದೆ ಶಸ್ತ್ರವೈದ್ಯರು ಕೈಯಾಡಿಸಬೇಕಾಗಿತ್ತು. ಎಕ್ಸ್-ರೇ ಯಂತ್ರಗಳು ಇದ್ದುದು ದೊಡ್ಡ ಊರುಗಳಲ್ಲಿ; ಗಾಯಾಳುಗಳು ಇದ್ದುದು ರಣರಂಗದ ಬಳಿ. ಯಂತ್ರವನ್ನೇ ಗಾಯಾಳುವಿನ ಬಳಿಗೆ ಒಯ್ಯಬೇಕೆಂದು ಆಕೆ ನಿಶ್ಚಯಿಸಿದಳು. ಮೋಟಾರುಗಾಡಿಯಲ್ಲಿ ಯಂತ್ರವನ್ನಿರಿಸಿ, ಗಾಡಿಯ ಎಂಜಿನ್ನಿನಿಂದಲೇ ಡೈನಮೋ ತಿರುಗಿಸಿ ವಿದ್ಯುತ್ ಪಡೆಯುವ ಏರ್ಪಾಡು ಅದು. ಇಂತಹ ಇಪ್ಪತ್ತರಷ್ಟು ಗಾಡಿಗಳನ್ನೂ, ಆಸ್ಪತ್ರೆಗಳಲ್ಲಿ ಸುಮಾರು ೨೦೦ ಎಕ್ಸ್-ರೇ ಕೋಣೆಗಳನ್ನೂ ಸಜ್ಜುಗೊಳಿಸಿದಳು. ಎರಡು ಸಲ ನೊಬೆಲ್ ಪಡೆದ ಆ ವಿದುಷಿ ಶರೀರರಚನೆಯ ಪಾಠ ಕಲಿತಳು, ಗಾಡಿ ನಡೆಸುವುದನ್ನು ಕಲಿತಳು, ಸುಮಾರು ೧೫೦ ಮಂದಿ ಹೆಂಗಸರಿಗೆ ಯಂತ್ರ ನಡೆಸಲು ಕಲಿಸಿದಳು. ಹದಿನೇಳರ ಹರೆಯದ ಮಗಳು ಐರೀನಳನ್ನು ಜೊತೆಗೆ ಕರೆದೊಯ್ದಳು. ಆ ಮಗಳು ೧೯೩೫ರಲ್ಲಿ ತಾನೂ ನೊಬೆಲ್ ಬಹುಮಾನಕ್ಕೆ ಪಾತ್ರಳಾದಳು. ನೋಡಲು ತಾಯಿ ಇರಲಿಲ್ಲ. ವಿಕಿರಣದ ನಡುವೆ ದುಡಿದ ದೇಹ ರಕ್ತದ ಕಾಯಿಲೆಗೆ ತುತ್ತಾಗಿ ೧೯೩೪ರ ಜುಲೈ ೪ರಂದು ಅಳಿದಿತ್ತು.

ಈ ಇಬ್ಬರಲ್ಲಿಯೂ ಕನಿಕರವಿತ್ತು. ಆದರೆ ಕನಿಕರವಿದ್ದ ಹೆಂಗಸರು ಅವರ ಕಾಲದಲ್ಲಿ ಊರೂರಿಗೂ ಇದ್ದರು. ಚರಕಸಂಹಿತೆ ಹೇಳಿದ ಉಳಿದ ಗುಣಗಳನ್ನು, ತಿಳಿವಳಿಕೆಯನ್ನೂ ದಕ್ಷತೆಯನ್ನೂ, ಇವರು ಹಟದಿಂದ ಸಂಪಾದಿಸಿಕೊಂಡರು. ಸ್ಕುಟಾರಿಯ ಚರಂಡಿ ಕಲಿಸಿದಂತೆ, ಶುಚಿತ್ವವಿಲ್ಲದ ಕಡೆ ಅನುರಾಗವೂ ಸೋಲುತ್ತದೆ.

ನಮ್ಮ ಮನೆಗಳತ್ತ ಒಮ್ಮೆ ನೋಡಿ. ಮನೆಯ ಹಿರಿಯರು ಆಸ್ಪತ್ರೆಯಲ್ಲಿರುವಾಗ ರಾತ್ರಿ ಎರಡು ಗಂಟೆಗೆ ಬಂದು ನಾಡಿ ನೋಡುವ ದಾದಿಯನ್ನು "ತಾಯಿ" ಎನ್ನುತ್ತೇವೆ. ನಮ್ಮ ಮಗಳೇ ಆ ಕೆಲಸ ಕಲಿಯುತ್ತೇನೆಂದರೆ, ಅಥವಾ ವಿಜ್ಞಾನ ಓದಲು ದೂರದ ಊರಿಗೆ ಹೋಗುತ್ತೇನೆಂದರೆ, "ನಮ್ಮ ಮನೆತನಕ್ಕೆ ಅದು ಒಪ್ಪುವುದಿಲ್ಲ" ಎನ್ನುವವರು ಇಂದಿಗೂ ಇದ್ದಾರೆ. ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಜಾಣೆಯರ ಓದು ಹೀಗೆ ನಡುವೆ ಕಡಿದುಹೋಗುವುದನ್ನು ಉಪಾಧ್ಯಾಯರೆಲ್ಲ ಕಂಡಿದ್ದೇವೆ. ನೈಟಿಂಗೇಲಳ ಮನೆಯವರೂ ಈ ಮಾತನ್ನೇ ಆಡಿದ್ದರು. ಮಗಳು ಅದಕ್ಕೆ ಮಣಿದಿದ್ದರೆ ತಪ್ಪಿಸಬಹುದಾದ ಸಾವುಗಳು ಎಷ್ಟು ಕಾಲ ಲೆಕ್ಕಕ್ಕೆ ಸಿಗದೆ ಉಳಿಯುತ್ತಿದ್ದವೋ! ಹೆಣ್ಣುಮಗಳು ಕಲಿಕೆಯನ್ನು ಕೇಳಿಕೊಂಡು ನಿಮ್ಮ ಮುಂದೆ ನಿಂತಾಗ, ಉತ್ತರ ಹೇಳುವ ಮುನ್ನ ಈ ಇಬ್ಬರನ್ನು ನೆನೆಯಬೇಕೆಂದು ಕೇಳಿಕೊಳ್ಳುತ್ತೇನೆ.