ಕಾಣದ ಗಾಡಿ

ರಸ್ತೆಗೆ ನುಗ್ಗಿದ ಮಗುವಿನ ರಟ್ಟೆ ಹಿಡಿದೆಳೆದು, ‘ಕಣ್ಣು ಕಾಣಿಸಲ್ವಾ ನಿಂಗೆ?’ ಎಂದು ಗದರುತ್ತೇವೆ. ಕಾಣಿಸುತ್ತದೆ, ತೊಡಕಿರುವುದೇ ಅಲ್ಲಿ. ಕಂಡದ್ದನ್ನಷ್ಟೇ ಅದು ನಂಬುತ್ತದೆ.

ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಆಂಪೊಫೊ-ಬೊಟೆಂಗ್ ಮತ್ತು ಜೇಮ್ಸ್ ಥಾಮ್ಸನ್ 5ರಿಂದ 11 ವರ್ಷದ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ, ಕಂಡುಕೊಂಡದ್ದನ್ನು 1991ರಲ್ಲಿ ಪ್ರಕಟಿಸಿದರು. ರಸ್ತೆ ದಾಟಲು ಯಾವ ಜಾಗ ಒಳ್ಳೆಯದು, ಯಾವುದು ಅಪಾಯ? 5, 7 ವರ್ಷದವರ ಲೆಕ್ಕ ಒಂದೇ: ಗಾಡಿ ಕಾಣುತ್ತಿದೆಯೋ ಇಲ್ಲವೋ. ಹೀಗಾಗಿ ಕಡಿದಾದ ತಿರುವು, ಏರಿನ ನೆತ್ತಿ, ಅಂದರೆ ಆಚೆ ಏನಿದೆಯೆಂದೇ ತೋರದ ಜಾಗಗಳು ಅವರ ಪಾಲಿಗೆ ಕ್ಷೇಮ! ದಾರಿ ಆರಿಸಲು ಹೇಳಿದರೆ ಹತ್ತಿರದ ನೇರ ದಾರಿಯನ್ನೇ ತೋರಿಸಿದರು. 9ರವರಿಗೆ ಅಷ್ಟಿಷ್ಟು ತಿಳಿಯಿತು. 11ರವರು ಬಹುಮಟ್ಟಿಗೆ ಸರಿಯಾಗಿ ಹೇಳಿದರು. ನಾವು ಉಡಾಫೆ ಎಂದು ಬಯ್ಯುವುದರಲ್ಲಿ ಬಹುಪಾಲು ಬರೀ ವಯಸ್ಸಿನದು ಎನ್ನಬೇಕು.

ಇನ್ನು ವೇಗದ ಮಾತು. ಎದುರಿನ ಗಾಡಿ ಹತ್ತಿರವಾದಂತೆಲ್ಲ ಕಣ್ಣಿಗೆ ಹಿಗ್ಗುತ್ತಾ ಬರುತ್ತದೆ. ಅದು ಬರುತ್ತಿದೆ ಎಂದು ಮಿದುಳು ಅರಿಯುವುದಕ್ಕೆ ಆ ಹಿಗ್ಗುವಿಕೆ ದೊಡ್ಡ ಆಧಾರ. ಇನ್ನು 5 ಸೆಕೆಂಡಿಗೆ ನಮ್ಮನ್ನು ಮುಟ್ಟಲಿರುವ ಎರಡು ಕಾರುಗಳಿವೆ ಎನ್ನಿ. ಜೋರಾಗಿ ಬರುವ ಕಾರು ಸಹಜವಾಗಿಯೇ ಹೆಚ್ಚು ದೂರದಲ್ಲಿರುತ್ತದೆ, ಚಿಕ್ಕದಾಗಿ ಕಾಣುತ್ತದೆ; ಅದು ಹಿಗ್ಗುವುದೂ ನಿಧಾನ. ಹೆಚ್ಚು ಅಪಾಯದ್ದೇ ನಿಂತಲ್ಲೇ ನಿಂತಂತೆ ತೋರುತ್ತದೆ! ದೊಡ್ಡವರು ಆ ಸಣ್ಣ ಬದಲಾವಣೆಯನ್ನೂ ಹಿಡಿಯುತ್ತಾರೆ. ಪ್ರಾಥಮಿಕ ಶಾಲೆಯ ಮಕ್ಕಳು ಗಂಟೆಗೆ 20 ಮೈಲಿ, ಎಂದರೆ ಸುಮಾರು 32 ಕಿಲೋಮೀಟರಿಗಿಂತ ವೇಗವಾಗಿ ಬರುವ ಗಾಡಿಯನ್ನು ಗುರುತಿಸದೆಯೇ ಹೋಗಬಹುದೆಂದು ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಜಾನ್ ವಾನ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಶಾಲೆಯ ಮುಂದೆ ಗಾಡಿ ನಿಧಾನವಾಗಲಿ ಎಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ನನಗಂತೂ ಬೇಡ.

ಹಾಗಾದರೆ ಕಲಿಸುವುದೇ ವ್ಯರ್ಥವೇ? ಅಲ್ಲ. ‘ಎಡಕ್ಕೆ ನೋಡು, ಬಲಕ್ಕೆ ನೋಡು’ ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿಸಿದರೆ ಮಗು ಕತ್ತು ತಿರುಗಿಸುವುದನ್ನು ಕಲಿಯುತ್ತದೆ, ಅಷ್ಟೇ. ಥಾಮ್ಸನ್ ಮತ್ತು ಸಹೋದ್ಯೋಗಿಗಳು ಗ್ಲಾಸ್ಗೋದ ಡ್ರಮ್‌ಚಾಪೆಲ್ ಬಡಾವಣೆಯಲ್ಲಿ ಪಾಠವನ್ನು ಬೀದಿಗೇ ತಂದರು. ಅಲ್ಲಿನ ತಂದೆತಾಯಂದಿರೇ ಸ್ವಯಂಸೇವಕರಾಗಿ ಚಿಕ್ಕ ಚಿಕ್ಕ ಗುಂಪುಗಳಲ್ಲಿ ಮಕ್ಕಳನ್ನು ರಸ್ತೆ ಬದಿಗೆ ಕರೆದೊಯ್ದರು. ಉತ್ತರ ಹೇಳಿಕೊಡುವ ಬದಲು ಪ್ರಶ್ನೆ ಕೇಳುವುದು ಅವರ ಕ್ರಮ. ನಮ್ಮೂರ ಬೀದಿಯಲ್ಲೂ ಇದನ್ನು ಮಾಡಬಹುದು. ನಿಂತ ವ್ಯಾನಿನ ಪಕ್ಕ ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು, ‘ಆ ಕಡೆಯಿಂದ ಬರೋ ಡ್ರೈವರ್ ಮಾಮಂಗೆ ನೀನು ಕಾಣಿಸ್ತೀಯಾ ಪುಟ್ಟಾ?’ ಎಂದು ಕೇಳಿ, ಅದು ಯೋಚಿಸಿ ಹೇಳುವವರೆಗೆ ಸುಮ್ಮನಿರಿ.